ಹೊರನಾಡಿನಲ್ಲಿ ಹ್ಯಾಂಡಲ್ ಲಾಕ್ ಕಚ್ಚಿಕೊಂಡಾಗ

ಬೈಕ್ ಕೆಟ್ಟು ನಿಂತರೆ ಸಾಮಾನ್ಯವಾಗಿ ಕಾರಣ ಕಣ್ಣಿಗೆ ಕಾಣುತ್ತದೆ. ಪಂಕ್ಚರ್ ಆದರೆ ಟೈರ್ ಚಪ್ಪಟೆ, ಚೈನ್ ಕಳಚಿದರೆ ನೇತಾಡುತ್ತದೆ, ಪ್ಲಗ್ ಹೋದರೆ ಕಿಕ್ ಹೊಡೆದು ಹೊಡೆದು ಕಾಲು ನೋಯುತ್ತದೆ. ಹ್ಯಾಂಡಲ್ ಲಾಕ್ ಹಾಗಲ್ಲ. ಎಂಜಿನ್ ಸರಿಯಾಗಿದೆ, ಪೆಟ್ರೋಲ್ ಇದೆ, ಗಾಳಿ ಇದೆ, ಲಗೇಜ್ ಕಟ್ಟಿ ಆಗಿದೆ, ಹೆಲ್ಮೆಟ್ಟೂ ಹಾಕಿಕೊಂಡಾಗಿದೆ. ಗಾಡಿ ಮಾತ್ರ ಎಡಕ್ಕೆ ತಿರುಗಿಕೊಂಡು ಅಲ್ಲೇ ಕೂತಿದೆ. ತಳ್ಳೋಣ ಅಂದರೆ ನಿಂತ ಜಾಗದಲ್ಲೇ ಸುತ್ತು ಹೊಡೆಯುತ್ತದೆಯೇ ಹೊರತು ಒಂದು ಮಾರು ಮುಂದೆ ಹೋಗುವುದಿಲ್ಲ.

ನಮಗೆ ಇದು ಆಗಿದ್ದು ಚಿಕ್ಕಮಗಳೂರು ಜಿಲ್ಲೆಯ ಹೊರನಾಡಿನಲ್ಲಿ, ದಸರಾ ರಜೆಯಲ್ಲಿ. ನಾನೂ ನನ್ನ ಹೆಂಡತಿಯೂ ಬೆಂಗಳೂರಿನಿಂದ ಹೊರಟು ಉಡುಪಿ, ಮಲ್ಪೆ ನೋಡಿಕೊಂಡು, ಕಾರ್ಕಳ, ಬಜಗೋಳಿ, ಎಸ್.ಕೆ. ಬಾರ್ಡರ್ ಮೇಲೆ ಕುದುರೆಮುಖ ದಾಟಿ, ಸಂಸೆಯ ಟೀ ತೋಟ ಹಾದು ಕಳಸಕ್ಕೆ ಬಂದು, ಅಲ್ಲಿಂದ ಹೊರನಾಡಿಗೆ ಹೋಗಿದ್ದೆವು. ಗಾಡಿ 150 ಸಿಸಿಯದು, 2014ರ ಮಾಡೆಲ್, ಇನ್ನೂ ಕಾರ್ಬ್ಯುರೇಟರ್ ಇರುವಂಥದ್ದು. ಮಲ್ಪೆಯಲ್ಲಿ ಅದು ರಾತ್ರಿಯಿಡೀ ಸಮುದ್ರದ ಗಾಳಿಗೆ ಮುಖ ಮಾಡಿ ನಿಂತಿತ್ತು. ಬೆಳಿಗ್ಗೆ ಸೀಟಿನ ಮೇಲೆ ಕೈಯಾಡಿಸಿದರೆ ಉಪ್ಪು ಉಪ್ಪು, ಸಣ್ಣ ಮರಳು. ಮಾಳ ಘಾಟಿ ಹತ್ತುವಾಗ ಶುರುವಾದ ತುಂತುರು ಮಳೆ ಸಂಸೆವರೆಗೂ ಬಿಡಲಿಲ್ಲ. ಕುದುರೆಮುಖ ರಾಷ್ಟ್ರೀಯ ಉದ್ಯಾನದ ಚೆಕ್‌ಪೋಸ್ಟ್‌ನಲ್ಲಿ ಗಾಡಿ ನಂಬರು, ಸಮಯ ಬರೆದು ಚೀಟಿ ಕೊಡುತ್ತಾರೆ, ನಡುವೆ ಎಲ್ಲೂ ನಿಲ್ಲಿಸುವ ಹಾಗಿಲ್ಲ. ಕಾಡಿನ ನಡುವೆ ಫೋಟೋ ತೆಗೆಯಲು ನಿಲ್ಲಿಸಿ ಅಲ್ಲಿ ಲಾಕ್ ಕಚ್ಚಿಕೊಂಡಿದ್ದರೆ ಏನು ಗತಿ ಅಂತ ಆಮೇಲೆ ಯೋಚನೆ ಬಂತು. ಅಂತೂ ದೇವಸ್ಥಾನದ ಹತ್ತಿರವೇ ಆಯ್ತು, ಊಟಕ್ಕಂತೂ ತೊಂದರೆ ಇರಲಿಲ್ಲ. ಹೊರನಾಡಿನಲ್ಲಿ ಅನ್ನಪೂರ್ಣೇಶ್ವರಿ ಯಾರನ್ನೂ ಹಸಿದು ಕಳಿಸುವುದಿಲ್ಲ.

ರಾತ್ರಿ ಉಳಿದಿದ್ದ ಜಾಗದ ಅಂಗಳದಲ್ಲಿ ಗಾಡಿ ನಿಲ್ಲಿಸಿ, ಹ್ಯಾಂಡಲ್ ಎಡಕ್ಕೆ ತಿರುಗಿಸಿ, ಕೀ ಒತ್ತಿ ಲಾಕ್ ಹಾಕಿದ್ದೆ. ಮೇಲೆ ಸೂರಿಲ್ಲ, ಬಯಲು. ಬೆಳಿಗ್ಗೆ ದರ್ಶನ, ತಿಂಡಿ ಎಲ್ಲ ಮುಗಿಸಿ ಬಂದು ನೋಡಿದರೆ ಗಾಡಿ ನಾನು ನಿಲ್ಲಿಸಿದ ಜಾಗದಲ್ಲಿರಲಿಲ್ಲ. ಯಾರೋ ಜೀಪಿಗೆ ಜಾಗ ಬೇಕು ಅಂತ ಎತ್ತಿ ಎಳೆದು ಗೋಡೆ ಪಕ್ಕಕ್ಕೆ ಸರಿಸಿದ್ದರು. ಅವರದೇನೂ ತಪ್ಪಿಲ್ಲ, ರಜೆ ದಿನ, ಜನ ಕಿಕ್ಕಿರಿದಿದ್ದರು. ಕೀ ಹಾಕಿದೆ. ಒಳಗೆ ಹೋಯ್ತು. ತಿರುಗಿಸಿದೆ. ಅಲುಗಾಡಲಿಲ್ಲ. ಸ್ವಲ್ಪ ಬಿಗಿಯಾಗಿರುವುದು ಬೇರೆ, ಇದು ಗೋಡೆಗೆ ಕೀ ಚುಚ್ಚಿ ತಿರುಗಿಸಿದ ಹಾಗಿತ್ತು.

ಇಂಥ ಹೊತ್ತಲ್ಲಿ ಕೈ ತಾನಾಗಿ ಜೋರು ಮಾಡುತ್ತದೆ. ನನ್ನ ಹೆಂಡತಿ ಪಕ್ಕದಲ್ಲೇ ನಿಂತಿದ್ದವಳು ಕೈ ಹಿಡಿದಳು. "ರೀ, ಕೀ ಮುರಿದರೆ ಆಮೇಲೆ ಇದೂ ಇಲ್ಲ ಅದೂ ಇಲ್ಲ." ನಿಜ. ಬೈಕಿನ ಕೀ ನೋಡಲಿಕ್ಕೆ ಗಟ್ಟಿ ಅನ್ನಿಸಿದರೂ ಗಾಡಿ ಹಳೆಯದಾದಂತೆ ಹಲ್ಲುಗಳ ಬುಡದಲ್ಲಿ ಸವೆದಿರುತ್ತದೆ. ತಿರುಚಿದರೆ ಸರಿಯಾಗಿ ಅಲ್ಲೇ ತುಂಡಾಗುತ್ತದೆ. ತುಂಡು ಒಳಗೆ ಉಳಿದರೆ ಅದನ್ನು ತೆಗೆಯುವುದೇ ಇನ್ನೊಂದು ದಿನದ ಕೆಲಸ. ಎರಡನೇ ಕೀ ಬೆಂಗಳೂರಿನ ಮನೆಯ ಬೀರುವಿನಲ್ಲಿ ಭದ್ರವಾಗಿ ಕೂತಿತ್ತು.

ಅವಳೇ ಇನ್ನೊಂದು ಮಾತು ಕೇಳಿದಳು. "ಟ್ಯಾಂಕಿಗೂ ಇದೇ ಕೀ ತಾನೇ? ಅದು ತೆಗೆಯುತ್ತಾ ನೋಡಿ." ಟ್ಯಾಂಕ್ ಮುಚ್ಚಳ ಸಲೀಸಾಗಿ ತೆರೆಯಿತು. ಪಕ್ಕದ ಕವರಿನ ಲಾಕೂ ತೆರೆಯಿತು. ಅಂದರೆ ಕೀ ಬಗ್ಗಿಲ್ಲ, ಪೂರ್ತಿ ಸವೆದೂ ಹೋಗಿಲ್ಲ, ತೊಂದರೆ ಇರುವುದು ಹ್ಯಾಂಡಲ್ ಲಾಕಿನಲ್ಲೇ. ಎರಡು ನಿಮಿಷದ ಈ ಪರೀಕ್ಷೆಯಿಂದ ಅರ್ಧ ಗೊಂದಲ ಕಡಿಮೆಯಾಯ್ತು. ಯಾರಿಗಾದರೂ ಹೀಗಾದರೆ ಮೊದಲು ಇದನ್ನು ಮಾಡಿ ಅಂತಲೇ ನಾನು ಹೇಳುವುದು.

ಲಾಕ್ ಒಳಗೆ ಏನಿರುತ್ತದೆ ಅಂತ ಸ್ವಲ್ಪ ಹೇಳಬೇಕು, ಇಲ್ಲದಿದ್ದರೆ ಮುಂದಿನದು ಅರ್ಥವಾಗಲ್ಲ. ಇಗ್ನಿಷನ್ ಸ್ವಿಚ್ ಮತ್ತು ಹ್ಯಾಂಡಲ್ ಲಾಕ್ ಈಗಿನ ಹೆಚ್ಚಿನ ಬೈಕುಗಳಲ್ಲಿ ಒಂದೇ ಡಬ್ಬಿಯಲ್ಲಿರುತ್ತವೆ. ಅದು ಹ್ಯಾಂಡಲ್ ಕೂರಿಸಿರುವ ಮೇಲಿನ ಪ್ಲೇಟಿಗೆ ಬೋಲ್ಟ್ ಆಗಿರುತ್ತದೆ. ಕೀ ಹೋಗುವ ಸಿಲಿಂಡರಿನಲ್ಲಿ ತೆಳು ಹಿತ್ತಾಳೆ ಬಿಲ್ಲೆಗಳು, ಒಂದೊಂದಕ್ಕೂ ಕೂದಲಿನಷ್ಟು ಸಣ್ಣ ಸ್ಪ್ರಿಂಗು. ಸರಿಯಾದ ಕೀ ಹೋದಾಗ ಬಿಲ್ಲೆಗಳೆಲ್ಲ ಒಂದೇ ಮಟ್ಟಕ್ಕೆ ಬಂದು ಸಿಲಿಂಡರ್ ತಿರುಗಲು ದಾರಿ ಬಿಡುತ್ತವೆ. ಸಿಲಿಂಡರ್ ತಿರುಗಿದಾಗ ಕೆಳಗಿನಿಂದ ಒಂದು ಪಿನ್ ಹೊರಗೆ ಬಂದು ಫ್ರೇಮಿನ ಕತ್ತಿನಲ್ಲಿರುವ ತೂತಿಗೆ ಹೋಗಿ ಕೂರುತ್ತದೆ. ಅಷ್ಟೇ. ಹಾಗಾಗಿ ಲಾಕ್ ಕಚ್ಚಿಕೊಂಡಿದೆ ಅಂದರೆ ಎರಡರಲ್ಲಿ ಒಂದು. ಬಿಲ್ಲೆಗಳು ಮರಳಿಗೋ ಉಪ್ಪಿಗೋ ಅಂಟಿಕೊಂಡಿವೆ, ಅಥವಾ ಪಿನ್ ತೂತಿನೊಳಗೆ ಒಂದು ಪಕ್ಕಕ್ಕೆ ಒತ್ತಿಕೊಂಡು ಸಿಕ್ಕಿಕೊಂಡಿದೆ. ಕೀ ಒಂದು ಕೂದಲೆಳೆಯಷ್ಟಾದರೂ ತಿರುಗಿ ಸ್ಪ್ರಿಂಗಿನ ಹಾಗೆ ವಾಪಸ್ ಬಂದರೆ ಪಿನ್ನಿನದೇ ತೊಂದರೆ ಇರಬಹುದು. ಸ್ವಲ್ಪವೂ ಮಿಸುಕದಿದ್ದರೆ ಬಿಲ್ಲೆಗಳನ್ನು ಅನುಮಾನಿಸಬೇಕು.

ನಮ್ಮದು ಮಿಸುಕುತ್ತಿರಲಿಲ್ಲ. ಜೊತೆಗೆ ಇನ್ನೊಂದು ಕಂಡಿತು. ಲಾಕ್ ಹಾಕಿದ ಹ್ಯಾಂಡಲ್ ಕೂಡ ಎರಡು ಮೂರು ಮಿಲಿಮೀಟರ್ ಆಚೀಚೆ ಆಡುತ್ತದೆ, ಗಮನಿಸಿರಬಹುದು. ನಮ್ಮ ಹ್ಯಾಂಡಲ್ ಅದೂ ಆಡುತ್ತಿರಲಿಲ್ಲ. ಗಾಡಿ ಎಳೆದಾಗ ಮುಂದಿನ ಚಕ್ರ ಕಲ್ಲಿಗೆ ಸಿಕ್ಕಿ ಹ್ಯಾಂಡಲನ್ನು ಬಲಕ್ಕೆ ದಬ್ಬಿತ್ತು, ಆ ಭಾರವೆಲ್ಲ ಪಿನ್ ಮೇಲೆ. ಅಂದರೆ ನಮಗೆ ಎರಡೂ ಒಟ್ಟಿಗೆ. ಮೇನ್ ಸ್ಟ್ಯಾಂಡ್ ಹಾಕಿ, ಹೆಂಡತಿ ಹಿಂದಿನ ಕ್ಯಾರಿಯರ್ ಒತ್ತಿ ಹಿಡಿದು, ಮುಂದಿನ ಚಕ್ರ ನೆಲ ಬಿಟ್ಟ ಮೇಲೆ ಹ್ಯಾಂಡಲನ್ನು ಪೂರ್ತಿ ಎಡಕ್ಕೆ ಒತ್ತಿದೆ. ಆಗ ಸಣ್ಣಗೆ ಆಡತೊಡಗಿತು. ಪಿನ್ ಮೇಲಿನ ಭಾರ ಹೋಯ್ತು. ಕೀ ಮಾತ್ರ ಹಾಗೇ ಇತ್ತು.

ಅಷ್ಟರಲ್ಲಿ ಜನ ಸೇರಿದರು. ನಮ್ಮ ಕಡೆ ಬಾನೆಟ್ ತೆಗೆದ ಕಾರು, ಮಲಗಿಸಿದ ಬೈಕು ಕಂಡರೆ ಯಾರೂ ಸುಮ್ನೆ ಹೋಗುವುದಿಲ್ಲ, ಅಲ್ವಾ? ಒಬ್ಬ ಹುಡುಗ ಬಂದು ಎರಡೂ ಕೈ ಹ್ಯಾಂಡಲ್ ಮೇಲಿಟ್ಟು, "ಒಂದ್ ಜರ್ಕ್ ಕೊಟ್ರೆ ಮುರಿದೇ ಹೋಗ್ತದೆ ಸರ್, ಎಂತ ಆಗುದಿಲ್ಲ" ಅಂದ. ಅವನು ಹೇಳಿದ್ದು ಸುಳ್ಳಲ್ಲ. ಬೈಕ್ ಕಳ್ಳರು ಮಾಡುವುದೂ ಇದನ್ನೇ, ಗಟ್ಟಿಯಾಗಿ ಒಂದು ಸಲ ತಿರುಚಿದರೆ ಪಿನ್ ತುಂಡಾಗುತ್ತದೆ. ಆದರೆ ತುಂಡಾದ ಪಿನ್ ಎಲ್ಲಿ ಹೋಗುತ್ತದೆ? ಅರ್ಧ ಫ್ರೇಮಿನ ತೂತಿನಲ್ಲಿ, ಅರ್ಧ ಲಾಕಿನಲ್ಲಿ. ಆಮೇಲೆ ಓಡಿಸುವಾಗ ಆ ತುಂಡು ಸ್ವಲ್ಪ ಹೊರಗೆ ಸರಿದು, ಒಂದು ತಿರುವಿನಲ್ಲಿ ಹ್ಯಾಂಡಲ್ ಸಿಕ್ಕಿಕೊಂಡರೆ? ನಮ್ಮ ಮುಂದಿದ್ದದ್ದು ಕಳಸದಿಂದ ಕೊಟ್ಟಿಗೆಹಾರದವರೆಗೆ ಬರೀ ತಿರುವಿನ ರಸ್ತೆ. ನಾನು ಬೇಡ ಅಂದೆ. ಅವನಿಗೆ ಸ್ವಲ್ಪ ನಿರಾಸೆಯಾಯ್ತು ಅನ್ನಿಸುತ್ತೆ, ಆದರೂ ಕೊನೆವರೆಗೂ ಹೋಗಲಿಲ್ಲ.

ಎದುರಿನ ಅಂಗಡಿಯ ಅಕ್ಕ ತೆಂಗಿನೆಣ್ಣೆ ಬಾಟಲಿ ಹಿಡಿದು ಬಂದರು. ತಣ್ಣನೆಯ ಬೆಳಗು, ಬಾಟಲಿಯ ಗೋಡೆಗೆಲ್ಲ ಎಣ್ಣೆ ಬೆಳ್ಳಗೆ ಗಟ್ಟಿಯಾಗಿ ಅಂಟಿಕೊಂಡಿತ್ತು, ನಡುವೆ ಮಾತ್ರ ಸ್ವಲ್ಪ ನೀರು ನೀರು. ಅದನ್ನು ನೋಡಿದ ಕೂಡಲೇ ಬೇಡ ಅನ್ನಿಸಿತು. ತೆಂಗಿನೆಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ. ಕೂದಲಿನಷ್ಟು ಸ್ಪ್ರಿಂಗುಗಳ ಮೇಲೆ ಅದನ್ನು ಹಾಕಿದರೆ ಈಗ ನಯವಾದ ಹಾಗೆ ಕಂಡರೂ ನಾಳೆ ಬೆಳಿಗ್ಗೆ ಅದೇ ಗೋಂದು. ಅದಲ್ಲದೆ ಜಿಡ್ಡಿಗೆ ಧೂಳು ಬೇರೆ ಹಿಡಿಯುತ್ತದೆ. "ಬೇಡ ಅಕ್ಕ, ಇದು ಗಟ್ಟಿಯಾಗುತ್ತೆ" ಅಂದಿದ್ದಕ್ಕೆ ಅವರು ಬೇಜಾರು ಮಾಡಿಕೊಳ್ಳಲಿಲ್ಲ. "ಹಾಗಾದ್ರೆ ಮಿಷನ್ ಎಣ್ಣೆ ಆಗ್ತದಾ ನೋಡಿ" ಅಂತ ಒಳಗೆ ಹೋಗಿ ಹೊಲಿಗೆ ಮಿಷನ್ನಿನ ಎಣ್ಣೆ ತಂದುಕೊಟ್ಟರು. ಅದು ಸರಿಯಾದ ವಸ್ತು, ತೆಳು ಎಣ್ಣೆ. ಕೀ ಮೇಲೆ ಎರಡು ಹನಿ ಬಿಟ್ಟು ಒಳಗೆ ಹೊರಗೆ ಆಡಿಸಿದೆ, ತಿರುಗಿಸದೆ. ಹೊರಗೆ ಬಂದಾಗಲೆಲ್ಲ ಕೀ ಮೇಲೆ ಕಪ್ಪು ಮಸಿ, ಅದರಲ್ಲಿ ಬಿಸಿಲಿಗೆ ಹೊಳೆಯುವ ಮರಳಿನ ಕಣ. ಮಲ್ಪೆಯ ಮರಳು ಹೊರನಾಡಿಗೆ ಬಂದು ಸೇರಿತ್ತು.

ಎಣ್ಣೆ ಹಾಕುವ ಮೊದಲು ತೊಳೆಯಬೇಕಿತ್ತು ಅಂತ ಹೇಳಿದ್ದು ಕಳಸದ ಮೆಕ್ಯಾನಿಕ್. ಅಲ್ಲೇ ನಿಂತಿದ್ದ ಜೀಪ್ ಡ್ರೈವರ್ ಅವರಿಗೆ ಫೋನ್ ಹಚ್ಚಿ ನನ್ನ ಕೈಗೆ ಕೊಟ್ಟರು. ಅವರು ಕೇಳಿದ ಮೊದಲ ಪ್ರಶ್ನೆಯೇ, "ಟ್ಯಾಂಕ್ ಮುಚ್ಚಳ ಓಪನ್ ಆಗ್ತದಾ ಮಾರಾಯ್ರೆ?" ನಾನು ಆಗುತ್ತೆ ಅಂದೆ. "ಹಾಗಾದ್ರೆ ಕೀಗೆ ಕೈ ಹಾಕ್ಬೇಡಿ, ನಾ ಬರ್ತೇನೆ. ಯಾರಾದ್ರೂ ಮುರೀತೇನೆ ಅಂತ ಬಂದ್ರೆ ಬಿಡ್ಬೇಡಿ." ಹೆಂಡತಿ ಕೇಳಿಸಿಕೊಂಡು ನನ್ನ ಮುಖ ನೋಡಿದಳು. ಟ್ಯಾಂಕಿನ ವಿಷಯ ಮೊದಲು ತೆಗೆದದ್ದು ಯಾರು ಅನ್ನೋದು ಇವತ್ತಿಗೂ ನಮ್ಮ ಮನೆಯಲ್ಲಿ ಆಗಾಗ ನೆನಪಿಸಲ್ಪಡುತ್ತದೆ.

ಕಳಸದಿಂದ ಹೊರನಾಡಿಗೆ 8 ಕಿಲೋಮೀಟರ್. ಕೈಯಲ್ಲಿದ್ದ ಗಾಡಿ ಮುಗಿಸಿ ಹನ್ನೊಂದರ ಹೊತ್ತಿಗೆ ಅವರು ಸ್ಕೂಟರಿನಲ್ಲಿ ಬಂದರು. ವಯಸ್ಸು ನಲವತ್ತರ ಆಸುಪಾಸು, ಮಳೆಕೋಟು, ಕಾಲ ಬಳಿ ಟೂಲ್ ಚೀಲ. ಗಾಡಿ ಮುಟ್ಟುವ ಮೊದಲು, "ಆರ್‌ಸಿ ಉಂಟಾ? ಬೇಜಾರು ಮಾಡ್ಕೊಬೇಡಿ ಮಾರಾಯ್ರೆ, ಲಾಕ್ ಕೆಲಸ ಅಂದ್ರೆ ನೋಡ್ಲೇಬೇಕು" ಅಂದರು. ಬೇಜಾರಾಗುವ ಬದಲು ನನಗೆ ನಂಬಿಕೆ ಜಾಸ್ತಿಯಾಯ್ತು. ಫೋನಿನಲ್ಲಿ ಡಿಜಿಲಾಕರ್ ತೆಗೆಯಲು ಹೋದರೆ ಅದು ಸುತ್ತುತ್ತಲೇ ಇತ್ತು, ನೆಟ್‌ವರ್ಕ್ ಇಲ್ಲ. ಬ್ಯಾಗಿನಲ್ಲಿದ್ದ ಜೆರಾಕ್ಸ್ ಕೆಲಸಕ್ಕೆ ಬಂತು. ಚಾಸಿಸ್ ನಂಬರಿನ ಕೊನೆಯ ಅಂಕಿಗಳನ್ನು ಫ್ರೇಮಿನ ಮೇಲಿನ ನಂಬರಿಗೆ ಹೊಂದಿಸಿ ನೋಡಿಯೇ ಚೀಲ ಬಿಚ್ಚಿದರು.

ಮೊದಲು ಪಕ್ಕದ ಕವರ್ ತೆಗೆದು ಬ್ಯಾಟರಿಯ ವಯರ್ ಬಿಡಿಸಿದರು. ಪೆಟ್ರೋಲಿನಿಂದ ತೊಳೆಯುವುದು, ಕೆಳಗೇ ಇಗ್ನಿಷನ್ ಸ್ವಿಚ್ಚು, ಕಿಡಿ ಬರಬಾರದು ಅಂತ. ಬೀಡಿ ಹಚ್ಚಿಕೊಂಡು ಬಗ್ಗಿ ನೋಡುತ್ತಿದ್ದ ಒಬ್ಬರನ್ನು ದೂರ ಕಳಿಸಿದರು. ಕಾರ್ಬ್ಯುರೇಟರಿನ ಕೆಳಗಿನ ಸ್ಕ್ರೂ ಸಡಿಲಿಸಿ ಬಾಟಲಿ ಮುಚ್ಚಳಕ್ಕೆ ಪೆಟ್ರೋಲ್ ಹಿಡಿದು, ಅದನ್ನು ಮೆಡಿಕಲ್ ಶಾಪಿನ ಸಿರಿಂಜಿಗೆ ಎಳೆದುಕೊಂಡು, ಕೀ ತೂತಿನೊಳಗೆ ಸ್ವಲ್ಪ ಸ್ವಲ್ಪವೇ ಬಿಟ್ಟರು. ಒಳಗಿನಿಂದ ಕಪ್ಪು ನೀರು ಇಳಿಯಿತು. ಬಟ್ಟೆ ಹಿಡಿದು ನೋಡಿದರೆ ಅಷ್ಟೂ ಮರಳು, ಹಳೇ ಗ್ರೀಸು. ಮತ್ತೆ ಬಿಟ್ಟರು. ಸೈಕಲ್ ಪಂಪಿನಿಂದ ಗಾಳಿ ಹೊಡೆದರು. ಕೀ ಹಾಕಿ ತೆಗೆದು, ಹಾಕಿ ತೆಗೆದು, ಬಟ್ಟೆಯಿಂದ ಒರೆಸಿ ಮತ್ತೆ ಹಾಕಿದರು. ಇದಕ್ಕೆಂದೇ ಸ್ಪ್ರೇ ಸಿಗುತ್ತದೆ, ಪೆಟ್ರೋಲಿಗಿಂತ ಅದೇ ಒಳ್ಳೆಯದು. ಅವರ ಹತ್ತಿರ ಸ್ಪ್ರೇ ಇತ್ತು, ಆದರೆ ಡಬ್ಬಿಯಲ್ಲಿ ಉಳಿದಿದ್ದು ಸ್ವಲ್ಪ. ಅದನ್ನು ಪಿನ್ನಿಗೆ ಅಂತ ಎತ್ತಿಟ್ಟಿದ್ದರು.

ಆಮೇಲೆ ಮಾಡಿದ ಕೆಲಸ ನೋಡುವ ಹಾಗಿತ್ತು. ಎಡಗೈಯ ಎರಡು ಬೆರಳಿನಲ್ಲಿ ಕೀ ಹಿಡಿದು, ತಿರುಗಿಸುವ ದಿಕ್ಕಿಗೆ ಬರೀ ಒಂದು ಒತ್ತಡ. ಜೋರಿಲ್ಲ, ಹಾಲು ಉಕ್ಕುತ್ತಾ ಅಂತ ಪಾತ್ರೆ ಮುಟ್ಟಿ ನೋಡುವಷ್ಟು ಮೆಲ್ಲಗೆ. ಬಲಗೈಯಲ್ಲಿ ಸ್ಕ್ರೂಡ್ರೈವರಿನ ಪ್ಲಾಸ್ಟಿಕ್ ಹಿಡಿಯಿಂದ ಕೀ ತಲೆಗೆ ಟಕ ಟಕ ಅಂತ ಸಣ್ಣ ಏಟು, ಆಮೇಲೆ ಲಾಕಿನ ಮೈಗೆ. ಅಂಟಿಕೊಂಡ ಬಿಲ್ಲೆಗಳು ಆ ಅದುರಿಗೆ ಒಂದೊಂದಾಗಿ ಬಿಡುತ್ತವಂತೆ. ಬಹಳ ಹೊತ್ತು ಏನೂ ಆಗಲಿಲ್ಲ. ಸೇರಿದ್ದ ಜನ ಕರಗಿದರು, ಮಧ್ಯಾಹ್ನದ ಊಟದ ಸಾಲು ಶುರುವಾಯ್ತು. ಅವರು ಮಾತ್ರ ಅದೇ ಲಯದಲ್ಲಿ ತಟ್ಟುತ್ತಲೇ ಇದ್ದರು, ಮಧ್ಯೆ ಮಧ್ಯೆ ಈ ಸಲ ಅಡಿಕೆಗೆ ಬಂದ ರೋಗದ ವಿಷಯ ಹೇಳುತ್ತಾ. ಇದ್ದಕ್ಕಿದ್ದ ಹಾಗೆ ಮಾತು ನಿಲ್ಲಿಸಿ, "ಹಾಂ, ಮಿಸುಕಿತು" ಅಂದರು. ನನಗೇನೂ ಕಾಣಲಿಲ್ಲ. ನನ್ನ ಬೆರಳನ್ನು ಕೀ ಮೇಲೆ ಇಡಿಸಿದರು. ಗೋಡೆಯಂತಿದ್ದದ್ದು ಈಗ ಸ್ಪ್ರಿಂಗಿನ ಹಾಗೆ ಸ್ವಲ್ಪ ಹೋಗಿ ವಾಪಸ್ ಬರುತ್ತಿತ್ತು.

"ಇನ್ನು ಪಿನ್ ಮಾತ್ರ. ನೀವು ಹ್ಯಾಂಡಲ್ ಹಿಡ್ಕೊಳ್ಳಿ. ಎಡಕ್ಕೆ ಒತ್ತಿ, ಬಿಡಿ. ಮತ್ತೆ ಒತ್ತಿ, ಬಿಡಿ. ಸಿಟ್ಟು ಮಾಡ್ಬೇಡಿ ಅದ್ರ ಮೇಲೆ." ಅವರು ನೆಲಕ್ಕೆ ಮಂಡಿಯೂರಿ, ಟಾರ್ಚ್ ಬಾಯಲ್ಲಿ ಕಚ್ಚಿಕೊಂಡು, ಮೇಲಿನ ಪ್ಲೇಟಿಗೂ ಫ್ರೇಮಿಗೂ ನಡುವಿನ ಸಂದಿಯಲ್ಲಿ ಸ್ಪ್ರೇಯ ಸಣ್ಣ ನಳಿಗೆ ತೂರಿಸಿ ಪಿನ್ ಕಾಣುವ ಜಾಗಕ್ಕೆ ಹೊಡೆದರು. ನನಗೂ ತೋರಿಸಿದರು. ಪಿನ್ನಿನ ಸುತ್ತ ಕಂದು ತುಕ್ಕು, ತೂತಿನ ಬಾಯಲ್ಲಿ ಗಾರೆ ಮೆತ್ತಿದ ಹಾಗೆ ಒಣಗಿದ ಕೆಸರು. ಹೆಂಡತಿ ಹಿಂದೆ ಕ್ಯಾರಿಯರ್ ಒತ್ತಿ ಹಿಡಿದಿದ್ದಳು, ನಾನು ಹ್ಯಾಂಡಲ್ ಒತ್ತಿ ಬಿಡುತ್ತಿದ್ದೆ, ಅವರು ಕೀ ಹಿಡಿದು ಕಾಯುತ್ತಿದ್ದರು. ಹ್ಯಾಂಡಲ್ ಎಡಕ್ಕೂ ಅಲ್ಲದ ಬಲಕ್ಕೂ ಅಲ್ಲದ ಒಂದು ಜಾಗಕ್ಕೆ ಬಂದಾಗ ಪಿನ್ ಯಾವ ಪಕ್ಕಕ್ಕೂ ತಾಗುವುದಿಲ್ಲ, ಆ ಕ್ಷಣಕ್ಕೇ ಕೀ ತಿರುಗಬೇಕು. ತಿರುಗಿತು. ಟಕ್ ಅಂತ ಸದ್ದು ಕೇಳಿದ್ದೇ ಆ ಜರ್ಕ್ ಹುಡುಗ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ಹೊಡೆದ.

ಇನ್ನೇನು ಸ್ಟಾರ್ಟ್ ಮಾಡಬೇಕು ಅಂತ ಕೈ ಹಾಕಿದೆ, ಬಿಡಲಿಲ್ಲ. ಹ್ಯಾಂಡಲನ್ನು ಆ ತುದಿಯಿಂದ ಈ ತುದಿಗೆ ನಿಧಾನವಾಗಿ ತಿರುಗಿಸುತ್ತಾ ಪ್ರತಿ ಸಲವೂ ಟಾರ್ಚ್ ಹಾಕಿ ನೋಡಿದರು. ಪಿನ್ ಪೂರ್ತಿ ಒಳಗೆ ಹೋಗಿದೆಯಾ, ಸ್ಪ್ರಿಂಗ್ ಅದನ್ನು ಅಲ್ಲೇ ಹಿಡಿದಿದೆಯಾ, ಅದುರಿದರೆ ಹೊರಗೆ ಇಣುಕುತ್ತದಾ ಅಂತ. ಲಾಕಿನ ಮೈಗೆ ಕೆಳಗಿನಿಂದ ತಟ್ಟಿಯೂ ನೋಡಿದರು. ಲಾಕ್ ಬಿಟ್ಟ ಖುಷಿಯಲ್ಲಿ ನಾನಾಗಿದ್ದರೆ ಇದನ್ನೆಲ್ಲ ನೋಡುತ್ತಿರಲಿಲ್ಲ. ನನ್ನ ಮಟ್ಟಿಗೆ ಇಡೀ ಕೆಲಸದಲ್ಲಿ ಅತಿ ಮುಖ್ಯವಾದ ಐದು ನಿಮಿಷ ಅದೇ. ಬಿಡಿಸುವುದು ಹೇಗೋ ಆಗುತ್ತದೆ, ಬಿಟ್ಟ ಲಾಕ್ ಓಡುವ ಗಾಡಿಯಲ್ಲಿ ಮತ್ತೆ ಬೀಳುವುದಿಲ್ಲ ಅಂತ ಖಾತ್ರಿ ಮಾಡಿಕೊಳ್ಳದೆ ಘಾಟಿ ರಸ್ತೆಗೆ ಇಳಿಯಬಾರದು. ಪೆಟ್ರೋಲ್ ವಾಸನೆ ಪೂರ್ತಿ ಹೋಗುವವರೆಗೆ ಕಾದು, ಮಿಷನ್ ಎಣ್ಣೆ ಎರಡು ಹನಿ ಬಿಟ್ಟು, ಬ್ಯಾಟರಿ ವಯರ್ ಕೂಡಿಸಿ ಕೀ ಆನ್ ಮಾಡಿದರು. ಹಸಿರು ದೀಪ ಬಂತು. ಒಂದೇ ಕಿಕ್.

ಮುನ್ನೂರು ಕೇಳಿದರು. ಐನೂರು ಕೊಟ್ಟರೆ ಇನ್ನೂರು ವಾಪಸ್ ಕೊಡಲು ಬಂದರು, ಒತ್ತಾಯ ಮಾಡಬೇಕಾಯ್ತು. "ಬೆಂಗಳೂರು ಮುಟ್ಟುವವರೆಗೆ ಲಾಕ್ ಹಾಕ್ಬೇಡಿ. ಕೀ ಲಾಕ್ ಕಡೆಗೆ ತಿರುಗಿಸ್ಲೇಬೇಡಿ." ಅಷ್ಟು ಹೇಳಿ ಊಟದ ಸಾಲಿಗೆ ಹೋದರು, ನಾವೂ ಅವರ ಹಿಂದೆಯೇ ಹೋದೆವು. ಮೂಡಿಗೆರೆಯಲ್ಲಿ ಹಾರ್ಡ್‌ವೇರ್ ಅಂಗಡಿಯಿಂದ ಒಂದು ಚೈನು, ಒಂದು ಬೀಗ ತೆಗೆದುಕೊಂಡೆ. ಹಾಸನದಲ್ಲಿ ಕತ್ತಲಾಗಿದ್ದರಿಂದ ಅಲ್ಲೇ ಉಳಿದೆವು, ಗಾಡಿ ಲಾಡ್ಜಿನ ಕಿಟಕಿ ಕಂಬಿಗೆ ಚೈನ್ ಹಾಕಿಸಿಕೊಂಡು ನಿಂತಿತ್ತು.

ಬೆಂಗಳೂರಿಗೆ ಬಂದ ಮೇಲೆ ಸರ್ವಿಸ್ ಸೆಂಟರಿನಲ್ಲಿ ಕೇಳಿದೆ. ಇಗ್ನಿಷನ್, ಟ್ಯಾಂಕ್, ಪಕ್ಕದ ಕವರ್ ಮೂರಕ್ಕೂ ಸೇರಿ ಪೂರ್ತಿ ಲಾಕ್ ಸೆಟ್ ಬದಲಾಯಿಸಬೇಕು ಅಂದರು. ಒಂದೇ ಬದಲಿಸಿದರೆ ಎರಡು ಕೀ ಇಟ್ಟುಕೊಂಡು ತಿರುಗಬೇಕಾಗುತ್ತದೆ, ಅದು ಸರಿಯಾದ ಮಾತೇ. ಆದರೂ ಮೊದಲು ನಮ್ಮ ಏರಿಯಾದ ಫುಟ್‌ಪಾತಿನಲ್ಲಿ ಕೂತು ಡೂಪ್ಲಿಕೇಟ್ ಕೀ ಮಾಡುವ ಹಿರಿಯರೊಬ್ಬರಿಗೆ ತೋರಿಸಿದೆ. ಅವರು ಲಾಕ್ ಬಿಚ್ಚಲು ಹೋಗಲಿಲ್ಲ. ಅದನ್ನು ಹಿಡಿದಿರುವ ಬೋಲ್ಟುಗಳಿಗೆ ತಲೆಯೇ ಇರುವುದಿಲ್ಲವಂತೆ, ಕಂಪನಿಯಲ್ಲಿ ಬಿಗಿ ಮಾಡುವಾಗಲೇ ತಲೆ ಮುರಿದು ಬೀಳುವ ಹಾಗೆ ಮಾಡಿರುತ್ತಾರೆ, ಕಳ್ಳ ಸ್ಪ್ಯಾನರ್ ಹಾಕಬಾರದು ಅಂತ. ಬಿಚ್ಚಬೇಕಾದರೆ ಉಳಿಯಿಂದ ಹೊಡೆಯಬೇಕು, ಇಲ್ಲವೇ ಡ್ರಿಲ್ ಮಾಡಬೇಕು. ಅದರ ಬದಲು ಬೀರುವಿನಲ್ಲಿದ್ದ ಎರಡನೇ ಕೀ ತರಿಸಿ, ಎರಡನ್ನೂ ಬೆನ್ನಿಗೆ ಬೆನ್ನು ಜೋಡಿಸಿ ಬೆಳಕಿಗೆ ಹಿಡಿದು ತೋರಿಸಿದರು. ನಾನು ದಿನಾ ಬಳಸುವ ಕೀಯ ಹಲ್ಲುಗಳು ದುಂಡಗಾಗಿದ್ದವು, ಬಳಸದ ಕೀಯದು ಚೂಪು. "ಇದನ್ನ ನೋಡಿ ಇನ್ನೊಂದು ಮಾಡಿಸ್ಬೇಡಿ, ಸವೆದದ್ದೇ ನಕಲಾಗುತ್ತೆ. ಆ ಹೊಸದನ್ನ ನೋಡಿ ಮಾಡ್ಕೊಡ್ತೀನಿ" ಅಂದರು. ಟ್ಯಾಂಕಿನ ಲಾಕ್ ಸವೆದ ಕೀಯನ್ನು ಸಹಿಸಿಕೊಂಡಿತ್ತು, ಮರಳು ತಿಂದ ಹ್ಯಾಂಡಲ್ ಲಾಕ್ ಸಹಿಸಿಕೊಳ್ಳಲಿಲ್ಲ.

ಈಗ ಚೂಪು ಹಲ್ಲಿನ ಕೀ ನೋಡಿ ಮಾಡಿಸಿದ್ದು ದಿನದ ಬಳಕೆಗೆ, ಕಂಪನಿಯದು ಪ್ರಯಾಣದಲ್ಲಿ ಹೆಂಡತಿಯ ಬ್ಯಾಗಿನಲ್ಲಿ. ಸವೆದದ್ದು ನನ್ನ ಡ್ರಾಯರಿಗೆ ಬಿತ್ತು. ಲಾಕ್ ಸೆಟ್ ಇನ್ನೂ ಬದಲಿಸಿಲ್ಲ, ಮುಂದಿನ ಮಳೆಗಾಲಕ್ಕೆ ಮೊದಲು ಬದಲಿಸಬೇಕು. ಊರಲ್ಲಿ ಹ್ಯಾಂಡಲ್ ಲಾಕ್ ಹಾಕುತ್ತೇನೆ. ಸಮುದ್ರದ ದಡದಲ್ಲಿ, ಮಳೆಯಲ್ಲಿ ಬಯಲಲ್ಲಿ ನಿಲ್ಲಿಸುವಾಗ ಮಾತ್ರ ಮೂಡಿಗೆರೆಯ ಚೈನ್ ಹಾಕಿ, ಕೀ ತೂತಿನ ಮೇಲೆ ಒಂದು ತುಂಡು ಟೇಪ್ ಅಂಟಿಸುತ್ತೇನೆ. ಟೇಪ್ ನೋಡಿದವರು ಏನಿದು ಅಂತ ಕೇಳುತ್ತಾರೆ, ಕೇಳಿದವರಿಗೆಲ್ಲ ಇಷ್ಟೂ ಕಥೆ ಹೇಳಬೇಕಾಗುತ್ತದೆ.